ಕೆಂಚನಿಗೆ ಬೆಳ್ಳುಳ್ಳಿ ಬೇಡ, ಮಾತ್ರೆ ಅರ್ಧಕ್ಕೆ ನಿಲ್ಲಿಸಬೇಡಿ

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರ ತೋಟದ ಮನೆ. ಕೆಂಚ ಅಂತ ಒಂದು ನಾಟಿ ನಾಯಿ ಇದೆ. ನಾಲ್ಕು ವರ್ಷ, 18 ಕೆ.ಜಿ. ತೂಕ. ಮಳೆ ಶುರುವಾದರೆ ಸಾಕು, ಮೈ ತುಂಬ ಉಣ್ಣೆ. ಬೆಳ್ಳುಳ್ಳಿ ತಿನ್ನಿಸಿದರೆ ಉಣ್ಣೆ ಹತ್ತಲ್ಲ ಅಂತ ವಿಡಿಯೊದಲ್ಲಿ ನೋಡಿ ದಿನಾ ಎರಡು ಎಸಳು ಮುದ್ದೆಯಲ್ಲಿಟ್ಟು ಕೊಡುತ್ತಿದ್ದೇನೆ. ಬೇವಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ವಾರಕ್ಕೊಮ್ಮೆ ಮೈಗೆ ಹಚ್ಚುತ್ತೇನೆ. ಆದರೂ ಹೋದ ತಿಂಗಳು ಎರಡು ದಿನ ಊಟ ಬಿಟ್ಟ, ಮೂಗಿನಲ್ಲಿ ರಕ್ತ ಬಂತು. ಡಾಕ್ಟರು ರಕ್ತ ಪರೀಕ್ಷೆ ಮಾಡಿ ಉಣ್ಣೆ ಜ್ವರ ಅಂದರು. 28 ದಿನಕ್ಕೆ ಮಾತ್ರೆ ಬರೆದರು. ಮೂರನೇ ದಿನಕ್ಕೇ ಎದ್ದು ಓಡಾಡಿದ. ಮಾತ್ರೆ ಹೀಟು ಅಂತ ಹತ್ತು ದಿನಕ್ಕೆ ನಿಲ್ಲಿಸಿದೆ. ಈಗ ಪಪ್ಪಾಯಿ ಎಲೆ ರಸ ಕುಡಿಸುತ್ತಿದ್ದೇನೆ, ಅದರಿಂದ ಪ್ಲೇಟ್‌ಲೆಟ್ ಏರುತ್ತಂತಲ್ಲ. ‘ನಮ್ಮ ಕಾಲದ ನಾಯಿಗಳು ಮುದ್ದೆ, ಸಾರು ತಿಂದೇ ಹದಿನೈದು ವರ್ಷ ಬದುಕಿದವು’ ಅನ್ನುತ್ತಾರೆ ನಮ್ಮತ್ತೆ. ಬೆಂಗಳೂರಿನಲ್ಲಿರುವ ಮಗ ‘ಪ್ಯಾಕೆಟ್ ಫುಡ್ ಹಾಕಮ್ಮ’ ಅನ್ನುತ್ತಾನೆ. ನನಗೆ ಆದಷ್ಟೂ ನೈಸರ್ಗಿಕವಾಗಿಯೇ ಸಾಕಬೇಕು ಅಂತ ಆಸೆ. ಏನು ಮಾಡಲಿ?

ಉತ್ತರ: ಮೊದಲು ಅರ್ಜೆಂಟ್ ವಿಷಯ. ಇದನ್ನು ಪೂರ್ತಿ ಓದುವ ಮೊದಲೇ ಎದ್ದು ಹೋಗಿ ಕೆಂಚನ ತುಟಿ ಎತ್ತಿ ಒಸಡು ನೋಡಿ. ನಸುಗೆಂಪು ಇರಬೇಕು. ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ನಾಟಿ ನಾಯಿಗಳಲ್ಲಿ ಕೆಲವಕ್ಕೆ ಒಸಡೇ ಕಪ್ಪು. ಹಾಗಿದ್ದರೆ ಕಣ್ಣಿನ ಕೆಳಗಿನ ರೆಪ್ಪೆ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ. ಆಮೇಲೆ ಅಂಗಾತ ಮಲಗಿಸಿ ಹೊಟ್ಟೆ, ತೊಡೆಸಂದಿ ನೋಡಿ. ಅಲ್ಲಿ ಕೂದಲು ಕಮ್ಮಿ. ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿಗಳಿದ್ದು, ಒತ್ತಿದರೂ ಮಾಯವಾಗದಿದ್ದರೆ ಅದು ಚರ್ಮದೊಳಗೆ ರಕ್ತ ಜಿನುಗಿದ ಗುರುತು. ಚುಕ್ಕಿ ಇದ್ದರೆ, ಒಸಡು ಬಿಳಿಚಿಕೊಂಡಿದ್ದರೆ ಅಥವಾ ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಯಾವುದೂ ಇಲ್ಲದಿದ್ದರೂ ಈ ವಾರದೊಳಗೆ ಹೋಗಲೇಬೇಕು.

ನಿಮ್ಮ ಪತ್ರದಲ್ಲಿ ಬೆಳ್ಳುಳ್ಳಿ, ಕರ್ಪೂರ, ಎಲೆ ರಸ, ಮುದ್ದೆ, ಪ್ಯಾಕೆಟ್ ಎಲ್ಲ ಇದೆ. ಆದರೆ ಓದುವಾಗ ನನಗೆ ಎದೆ ಧಸಕ್ ಅಂದಿದ್ದು ಒಂದೇ ಸಾಲಿಗೆ: ‘ಹತ್ತು ದಿನಕ್ಕೆ ನಿಲ್ಲಿಸಿದೆ’. ಅದರಿಂದಲೇ ಶುರು ಮಾಡೋಣ.

ಉಣ್ಣೆ ಜ್ವರ ಅನ್ನುವುದು ಒಂದೇ ಕಾಯಿಲೆಯ ಹೆಸರಲ್ಲ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಮೂರು. ಎರ್ಲಿಕಿಯಾ ಅಂತ ಒಂದು ಬ್ಯಾಕ್ಟೀರಿಯಾ, ಬಿಳಿ ರಕ್ತಕಣದ ಒಳಗೇ ಹೋಗಿ ಕೂರುತ್ತದೆ. ಬಬೇಸಿಯಾ ಕೆಂಪು ರಕ್ತಕಣಕ್ಕೆ ನುಗ್ಗಿ ಅದನ್ನು ಒಡೆಯುತ್ತದೆ, ಮನುಷ್ಯರ ಮಲೇರಿಯಾದ ಹಾಗೆ. ಮೂರನೆಯದು ಹೆಪಟೊಜೂನ್. ಇದು ಉಣ್ಣೆ ಕಚ್ಚಿ ಬರುವುದಲ್ಲ. ನಾಯಿ ಮೈ ನೆಕ್ಕುವಾಗ ಉಣ್ಣೆಯನ್ನೇ ನುಂಗಿದರೆ ಬರುತ್ತದೆ. ನಿಮ್ಮ ಡಾಕ್ಟರು 28 ದಿನ ಬರೆದಿದ್ದಾರೆ, ಮೂಗಿನಲ್ಲಿ ರಕ್ತ ಬಂದಿದೆ ಅಂದರೆ ಬಹುಶಃ ಎರ್ಲಿಕಿಯಾ ಇರಬೇಕು. ಅದಕ್ಕೆ ಕೊಡುವ ಮಾತ್ರೆ ಡಾಕ್ಸಿಸೈಕ್ಲಿನ್. ಸ್ಟ್ರಿಪ್ ಮೇಲೆ ಆ ಹೆಸರಿದೆಯಾ ನೋಡಿ.

ಎರ್ಲಿಕಿಯಾ ಬಲು ಕಿಲಾಡಿ. ಉಣ್ಣೆ ಕಚ್ಚಿ ಒಂದರಿಂದ ಮೂರು ವಾರದಲ್ಲಿ ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತ. ಇದು ಮೊದಲ ಹಂತ. ಮಾತ್ರೆ ಶುರು ಮಾಡಿದರೆ ಒಂದೆರಡು ದಿನದಲ್ಲೇ ನಾಯಿ ಎದ್ದು ಬಾಲ ಆಡಿಸುತ್ತದೆ. ಕೆಂಚನೂ ಹಾಗೇ ಮಾಡಿದ್ದಾನೆ. ಆದರೆ ಕಾಯಿಲೆ ಹೋಗಿರುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಎರಡನೇ ಹಂತಕ್ಕೆ ಜಾರಬಹುದು. ಆಗ ನಾಯಿ ಚೆನ್ನಾಗಿಯೇ ಇರುತ್ತದೆ. ತಿನ್ನುತ್ತದೆ, ಬೊಗಳುತ್ತದೆ, ತೆಂಗಿನ ಮರಕ್ಕೆ ಅಳಿಲು ಅಟ್ಟಿಸಿಕೊಂಡು ಹೋಗುತ್ತದೆ. ರಕ್ತ ಪರೀಕ್ಷೆಯಲ್ಲಿ ಮಾತ್ರ ಪ್ಲೇಟ್‌ಲೆಟ್ ಸ್ವಲ್ಪ ಕೆಳಗೇ ಇರುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹೀಗೆ. ಕೆಲವು ನಾಯಿಗಳು ಅದನ್ನು ತಾವಾಗೇ ಜಯಿಸುತ್ತವೆ. ಉಳಿದವು ಮೂರನೇ ಹಂತಕ್ಕೆ ಹೋಗುತ್ತವೆ. ಅಲ್ಲಿ ಮೂಳೆಯ ಮಜ್ಜೆಯೇ ರಕ್ತ ತಯಾರಿಸುವುದನ್ನು ನಿಲ್ಲಿಸುತ್ತದೆ. ಆ ಹಂತದಲ್ಲಿ ನನ್ನ ಮೇಜಿನ ಮೇಲೆ ಬಂದ ನಾಯಿಗಳಲ್ಲಿ ಉಳಿಸಿಕೊಂಡಿದ್ದು ಕಮ್ಮಿ. ಬಹಳಷ್ಟು ಜನ ‘ಹೋದ ವರ್ಷ ಜ್ವರ ಬಂದಿತ್ತು ಸಾರ್, ನಾಲ್ಕು ದಿನ ಮಾತ್ರೆ ಹಾಕಿದ್ದೆವು, ವಾಸಿ ಆಗಿತ್ತು’ ಅಂತಲೇ ಹೇಳುತ್ತಾರೆ.

ಇಷ್ಟು ಗೊತ್ತಾದರೆ ಪಪ್ಪಾಯಿ ಎಲೆಗೆ ಹೆಸರು ಹೇಗೆ ಬಂತು ಅನ್ನುವುದೂ ಗೊತ್ತಾಗುತ್ತದೆ. ಪ್ಲೇಟ್‌ಲೆಟ್ ಇಳಿದಾಗ ಯಾರೋ ಎಲೆ ರಸ ಕುಡಿಸುತ್ತಾರೆ. ಜತೆಗೆ ಮಾತ್ರೆಯೂ ನಡೆಯುತ್ತಿರುತ್ತದೆ. ಪ್ಲೇಟ್‌ಲೆಟ್ ಏರುತ್ತದೆ. ಮಾತ್ರೆ ಇಲ್ಲದಿದ್ದರೂ ಮೊದಲ ಹಂತ ದಾಟಿದ ಮೇಲೆ ಅದು ತಾನಾಗೇ ಒಂದಿಷ್ಟು ಏರುತ್ತದೆ. ಹೆಸರು ಮಾತ್ರ ಎಲೆಗೆ. ಮನುಷ್ಯರ ಡೆಂಗಿಯಲ್ಲಿ ಈ ರಸದಿಂದ ಪ್ಲೇಟ್‌ಲೆಟ್ ತುಸು ಏರಿತು ಅನ್ನುವ ಅಧ್ಯಯನಗಳು ಇವೆ, ಇಲ್ಲ ಅನ್ನಲ್ಲ. ಆದರೆ ಡೆಂಗಿ ವೈರಸ್ ಜ್ವರ. ಕೆಲವು ದಿನಕ್ಕೆ ತಾನಾಗೇ ಇಳಿಯುತ್ತದೆ. ಎರ್ಲಿಕಿಯಾ ಹಾಗಲ್ಲ, ಅದನ್ನು ಕೊಲ್ಲಬೇಕು. ಪಪ್ಪಾಯಿ ಎಲೆ ಅದನ್ನು ಕೊಲ್ಲುವುದಿಲ್ಲ. ತೊಟ್ಟಿ ತೂತಾದಾಗ ನೀರು ತಂದು ಸುರಿದ ಹಾಗೆ ಅಷ್ಟೆ.

ಇನ್ನೊಂದು ಮಾತು. ಪಪ್ಪಾಯಿ ಎಲೆ ರಸ ಎಷ್ಟು ಕಹಿ ಅಂತ ನೀವೇ ಒಂದು ಚಮಚ ಕುಡಿದು ನೋಡಿ. ನಾಯಿ ಕುಡಿಯಲ್ಲ. ಇಬ್ಬರು ಹಿಡಿದುಕೊಂಡು, ಬಾಯಿ ಬಿಡಿಸಿ ಸಿರಿಂಜಿನಲ್ಲಿ ಹಾಕುತ್ತಾರೆ. ಅದು ಕೊಸರಾಡುತ್ತದೆ, ರಸ ಶ್ವಾಸಕೋಶಕ್ಕೆ ಹೋಗುತ್ತದೆ. ಪ್ಲೇಟ್‌ಲೆಟ್ ಕಮ್ಮಿ ಇರುವ ನಾಯಿಯನ್ನು ಹಾಗೆ ಅದುಮಿ ಹಿಡಿದರೆ ಮತ್ತೆ ಮೂಗಿನಲ್ಲಿ ರಕ್ತ ಬರಬಹುದು. ನಿಲ್ಲಿಸಿಬಿಡಿ.

ಮಾತ್ರೆ ಹೀಟು ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಜನ ಹೀಟು ಅನ್ನುವುದರ ಹಿಂದೆ ಇರುವುದು ಇಷ್ಟು: ಡಾಕ್ಸಿಸೈಕ್ಲಿನ್ ಖಾಲಿ ಹೊಟ್ಟೆಗೆ ಬಿದ್ದರೆ ವಾಂತಿ ತರಿಸುತ್ತದೆ, ಗಂಟಲಿನಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣು ಮಾಡುತ್ತದೆ. ಅದಕ್ಕೆ ಊಟದ ಜತೆ ಕೊಟ್ಟು, ಮೇಲೆ ಸ್ವಲ್ಪ ನೀರು ಕುಡಿಸಿ. ನಮ್ಮವರು ಹೀಟು ಇಳಿಯಲಿ ಅಂತ ಮಾತ್ರೆಯನ್ನು ಮೊಸರನ್ನದಲ್ಲಿ ಅಡಗಿಸಿ ಕೊಡುತ್ತಾರೆ. ಹಾಲು, ಮೊಸರಿನ ಕ್ಯಾಲ್ಸಿಯಂ ಈ ಮಾತ್ರೆಯನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರುವುದನ್ನು ಕಮ್ಮಿ ಮಾಡುತ್ತದೆ. ಮಾತ್ರೆ ಕೋಳಿ ತುಂಡಿನಲ್ಲೋ ಬರೀ ಅನ್ನದ ಒಂದು ತುತ್ತಿನಲ್ಲೋ ಹೋಗಲಿ. ಮೊಸರು ಎರಡು ಮೂರು ಗಂಟೆ ಬಿಟ್ಟು ಕೊಡಿ.

ಉಳಿದ 18 ದಿನದ ಮಾತ್ರೆಯನ್ನು ನೀವೇ ಮತ್ತೆ ಶುರು ಮಾಡಬೇಡಿ. ಮಧ್ಯೆ ಬಿಟ್ಟಿದ್ದೀರಿ ಅಂತ ಡಾಕ್ಟರಿಗೆ ಹೇಳಿ. ಬೈದರೆ ಬೈಸಿಕೊಳ್ಳಿ. ಅವರು ರಕ್ತದ ಎಣಿಕೆ ಮಾಡಿಸಿ, ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ ಬಬೇಸಿಯಾವೂ ಇದೆಯಾ ನೋಡುತ್ತಾರೆ. ಒಂದೇ ಉಣ್ಣೆ ಎರಡೂ ತರಬಹುದು. ಎರ್ಲಿಕಿಯಾದ ಮಾತ್ರೆ ಬಬೇಸಿಯಾಗೆ ಸಾಲದು. ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಈಗ ಬೆಳ್ಳುಳ್ಳಿ. ಇಲ್ಲಿ ಎರಡೂ ಕಡೆಯವರು ಉತ್ಪ್ರೇಕ್ಷೆ ಮಾಡುತ್ತಾರೆ. ಒಬ್ಬರು ಅಮೃತ ಅನ್ನುತ್ತಾರೆ, ಇನ್ನೊಬ್ಬರು ಒಂದು ಎಸಳು ತಿಂದರೆ ನಾಯಿ ಸತ್ತೇಹೋಗುತ್ತದೆ ಅನ್ನುತ್ತಾರೆ. ನಡೆಯುವುದು ಇಷ್ಟು. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಳಗಿನಿಂದ ಹಾಳು ಮಾಡುತ್ತವೆ. ಹಾಳಾದ ಕಣದ ಅಂಚಿನಲ್ಲಿ ಒಂದು ಸಣ್ಣ ಗುಬುಟು ಕಾಣುತ್ತದೆ. ಅದಕ್ಕೆ ಹೈನ್ಸ್ ಬಾಡಿ ಅನ್ನುತ್ತಾರೆ. ಅಂಥ ಕಣಗಳು ಬೇಗ ಒಡೆಯುತ್ತವೆ. 2000ನೇ ಇಸವಿಯಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ನಾಯಿಗಳಿಗೆ ಕೆ.ಜಿ. ತೂಕಕ್ಕೆ 5 ಗ್ರಾಂ ಬೆಳ್ಳುಳ್ಳಿಗೆ ಸಮನಾದ ರಸವನ್ನು ಏಳು ದಿನ ಕೊಟ್ಟು ಇದನ್ನು ನೋಡಿದರು. ಕೆಂಚನ ತೂಕಕ್ಕೆ ಅದು ದಿನಕ್ಕೆ 90 ಗ್ರಾಂ, ಎರಡು ಗೆಡ್ಡೆಗಿಂತ ಜಾಸ್ತಿ. ನಿಮ್ಮ ಎರಡು ಎಸಳು ಅದರ ಹತ್ತಿರಕ್ಕೂ ಬರುವುದಿಲ್ಲ. ಕೆಂಚನಿಗೆ ವಿಷ ಹಾಕಿದೆನಲ್ಲ ಅಂತ ಕೊರಗಬೇಡಿ.

ಆದರೂ ಬೇಡ ಅನ್ನುತ್ತೇನೆ. ಬೆಳ್ಳುಳ್ಳಿ ತಿಂದ ನಾಯಿಗೆ ಉಣ್ಣೆ ಹತ್ತುವುದು ನಿಂತಿದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಕೆಂಚನೇ ಸಾಕ್ಷಿ, ಅಲ್ವಾ? ಇನ್ನೊಂದು ಕಡೆ, ಉಣ್ಣೆ ಜ್ವರ ಬಂದ ನಾಯಿಗೆ ರಕ್ತ ಮೊದಲೇ ಕಮ್ಮಿ. ಬೆಳ್ಳುಳ್ಳಿ ಕೆಂಪು ಕಣಕ್ಕೂ ಪೆಟ್ಟು ಕೊಡುತ್ತದೆ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುವ ಕೆಲಸಕ್ಕೂ ಅಡ್ಡಿ ಮಾಡುತ್ತದೆ. ಉಣ್ಣೆ ಬರದಿರಲಿ ಅಂತ ಕೊಟ್ಟಿದ್ದು ಉಣ್ಣೆ ತಂದ ಕಾಯಿಲೆಗೇ ಕೈಜೋಡಿಸುತ್ತದೆ.

ಬೆಳ್ಳುಳ್ಳಿಗಿಂತ ನಾನು ಹೆದರುವುದು ಕರ್ಪೂರಕ್ಕೆ. ಒಂದು ಮಳೆಗಾಲದಲ್ಲಿ ಎರಡೂವರೆ ತಿಂಗಳ ಪೊಮೇರಿಯನ್ ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಓಡಿ ಬಂದರು. ಕೈಕಾಲು ಸೆಟೆದುಕೊಂಡಿತ್ತು, ಬಾಯಲ್ಲಿ ನೊರೆ. ಟವೆಲ್ ಬಿಚ್ಚಿದ ಕೂಡಲೇ ರೂಮೆಲ್ಲ ದೇವರ ಮನೆ ವಾಸನೆ. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಕಿವಿಯಿಂದ ಬಾಲದವರೆಗೆ ಹಚ್ಚಿದ್ದರು. ಫಿಟ್ಸ್ ನಿಲ್ಲಿಸಿ, ಸೋಪಿನಲ್ಲಿ ಮೈ ತೊಳೆದು, ರಾತ್ರಿ ಪೂರ್ತಿ ಕಾದ ಮೇಲೆ ಉಳಿಯಿತು. ಕರ್ಪೂರ ಚರ್ಮದ ಮೂಲಕವೂ ಬೇಗ ಒಳಗೆ ಹೋಗುತ್ತದೆ. ನೆಕ್ಕಿದರಂತೂ ಕೇಳುವುದೇ ಬೇಡ. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಕೂಡ ಇದೇ ಸಾಲಿನವು. ಹೊಗೆಸೊಪ್ಪಿನ ನೀರು ಹಚ್ಚುವವರಿದ್ದಾರೆ. ಅದರ ನಿಕೋಟಿನ್ ಉಣ್ಣೆಗೆ ಎಷ್ಟು ವಿಷವೋ ನಾಯಿಗೂ ಅಷ್ಟೇ ವಿಷ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣುಗುಡ್ಡೆಯೇ ಹುಣ್ಣಾಗುತ್ತದೆ. ಕಜ್ಜಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯುವವರ ಬಗ್ಗೆ ಹೇಳಹೊರಟರೆ ನನ್ನ ಬಿಪಿ ಏರುತ್ತದೆ, ಬಿಡಿ.

ಬೇವಿನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅದರ ಎಣ್ಣೆಗೆ ಉಣ್ಣೆಯನ್ನು ಸ್ವಲ್ಪ ಹೊತ್ತು ದೂರ ಇಡುವ ಗುಣ ಇದೆ. ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಿನಲ್ಲಿ ಮೈ ತೊಳೆದರೆ ತೊಂದರೆ ಇಲ್ಲ. ಹಸಿ ಎಣ್ಣೆಯನ್ನೇ ಹಚ್ಚಿದರೆ ಚರ್ಮ ಉರಿಯುತ್ತದೆ, ನೆಕ್ಕಿದರೆ ವಾಂತಿ. ಮರಿಗಳಿಗೆ, ಮನೆಯ ಬೆಕ್ಕಿಗೆ ಹಚ್ಚಲೇಬೇಡಿ. ಆದರೆ ನಿಮ್ಮ ತೋಟದ ಉಣ್ಣೆಗೆ ಬೇವು ಒಂದೇ ಸಾಲದು. ಕಾರಣ, ಉಣ್ಣೆ ನಾಯಿಯ ಮೈಮೇಲೆ ವಾಸ ಮಾಡುವುದೇ ಇಲ್ಲ.

ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. ನಾಯಿಗೆ ಹತ್ತುವ ಕಂದು ಉಣ್ಣೆ ಮೈಮೇಲೆ ಬರುವುದು ಊಟಕ್ಕೆ ಮಾತ್ರ. ಮರಿಯಾಗಿದ್ದಾಗ ಒಂದು ಸಲ ರಕ್ತ ಕುಡಿದು ಇಳಿಯುತ್ತದೆ. ಪೊರೆ ಕಳಚಿ ಮತ್ತೆ ಹತ್ತುತ್ತದೆ, ಕುಡಿದು ಇಳಿಯುತ್ತದೆ. ದೊಡ್ಡದಾಗಿ ಮೂರನೇ ಸಲ ಹತ್ತುತ್ತದೆ. ಕಿವಿಯಲ್ಲಿ ಹರಳಿನ ಬೀಜದ ಹಾಗೆ ಬೂದು ಬಣ್ಣಕ್ಕೆ ಊದಿಕೊಂಡು ಕೂತಿರುತ್ತದಲ್ಲ, ಅದು ಹೆಣ್ಣು. ಅದು ಉದುರಿ, ಗೋಡೆಯ ಬಿರುಕಿಗೆ ಹತ್ತಿ, ನಾಲ್ಕು ಸಾವಿರದವರೆಗೆ ಮೊಟ್ಟೆ ಇಟ್ಟು ಸಾಯುತ್ತದೆ. ಮೊಟ್ಟೆ, ಮರಿ ಎಲ್ಲ ಇರುವುದು ಕೆಂಚ ಮಲಗುವ ಜಗಲಿಯ ಸಂದಿಯಲ್ಲಿ, ಮಟ್ಟೆ ರಾಶಿಯ ಬುಡದಲ್ಲಿ, ಗೋಣಿಚೀಲದ ಮಡಿಕೆಯಲ್ಲಿ. ರಾತ್ರಿ ಟಾರ್ಚ್ ಹಿಡಿದು ಅವನು ಮಲಗುವ ಜಾಗದ ಗೋಡೆ ನೋಡಿ. ಎಳ್ಳಿನ ಗಾತ್ರದವು ಮೇಲಕ್ಕೆ ಹತ್ತುತ್ತಿರುತ್ತವೆ. ಕೊಟ್ಟಿಗೆಯ ದನಗಳ ಮೇಲಿರುವುದು ಬಹುಪಾಲು ಬೇರೆ ಜಾತಿಯ ಉಣ್ಣೆ. ಪಾಪ, ಅವನ್ನು ಬೈಯಬೇಡಿ.

ಹಾಗಾಗಿ ಕೆಲಸ ಎರಡು ಕಡೆ ಆಗಬೇಕು. ಬಿರುಕುಗಳಿಗೆ ಸಿಮೆಂಟು ತುಂಬಿ. ಗೋಣಿಚೀಲ ಸುಟ್ಟುಹಾಕಿ, ಹಳೇ ಬೆಡ್‌ಶೀಟ್ ಹಾಸಿ, ವಾರಕ್ಕೊಮ್ಮೆ ಕುದಿಯುವ ನೀರಿಗೆ ಹಾಕಿ ಬಿಸಿಲಿಗೆ ಒಣಗಿಸಿ. ಮಟ್ಟೆ ರಾಶಿ ಅವನ ಜಾಗದಿಂದ ದೂರ ಇರಲಿ. ಸುಣ್ಣ ಬಳಿಯುವವರು ಸಂದಿಗಳಿಗೂ ಚೆನ್ನಾಗಿ ನುಗ್ಗಿಸಿ ಬಳಿಯಲಿ. ಮೈಮೇಲೆ ಕಂಡಿದ್ದನ್ನು ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಊದುಬತ್ತಿಯಲ್ಲಿ ಸುಡುವುದು, ಸೀಮೆಎಣ್ಣೆ ಬಿಡುವುದು ಬೇಡ. ಕಿತ್ತಿದ್ದನ್ನು ಉಗುರಿನಲ್ಲಿ ಚಿವುಟಬೇಡಿ, ಸ್ಪಿರಿಟ್ ಇರುವ ಬಾಟಲಿಗೆ ಹಾಕಿ ಮುಚ್ಚಳ ಮುಚ್ಚಿ.

ಇನ್ನೊಂದು ಕೆಲಸ ನಾಯಿಯ ಮೈಯದು. ಇದಕ್ಕೆ ಔಷಧಿ ಬೇಕು, ಸುತ್ತುಬಳಸಿ ಹೇಳುವುದಿಲ್ಲ. ನಿಮ್ಮಂಥ ತೋಟದ ಮನೆಗೆ ನಾನು ಮೊದಲು ಹೇಳುವುದು ನುಂಗುವ ಮಾತ್ರೆ. ಅಫಾಕ್ಸೊಲಾನರ್ ತಿಂಗಳಿಗೊಮ್ಮೆ, ಫ್ಲುರಾಲಾನರ್ ಹನ್ನೆರಡು ವಾರಕ್ಕೊಮ್ಮೆ. ಉಣ್ಣೆ ಕಚ್ಚಿದ ಮೇಲೆ ಸಾಯುತ್ತದೆ, ಆದರೆ ಬೇಗ ಸಾಯುತ್ತದೆ. ದುಬಾರಿ. ಕೆಲವಕ್ಕೆ ವಾಂತಿ, ಭೇದಿ ಆಗುತ್ತದೆ. ಫಿಟ್ಸ್ ಇರುವ ನಾಯಿಗೆ ಜೋಕೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಈ ಗುಂಪಿನ ಔಷಧಿಗಳ ಬಗ್ಗೆ ಆ ಎಚ್ಚರಿಕೆ ಕೊಟ್ಟಿತ್ತು. ಕೆಂಚನಿಗೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಬೆನ್ನ ಮೇಲೆ ಬಿಡುವ ಫಿಪ್ರೊನಿಲ್ ಹನಿ ಅಗ್ಗ, ಆದರೆ ಕೆರೆಗೆ ಬೀಳುವ, ಮಳೆಯಲ್ಲಿ ನೆನೆಯುವ ನಾಯಿಗೆ ಅಷ್ಟು ದಿನ ಉಳಿಯುವುದಿಲ್ಲ. ಅಮಿಟ್ರಾಜ್ ನೀರಿನಲ್ಲಿ ತೊಳೆಯುವುದು ಹಳೇ ಪದ್ಧತಿ. ಅಳತೆ ತಪ್ಪಿದರೆ, ಒಣಗುವ ಮೊದಲೇ ನೆಕ್ಕಿದರೆ ನಾಯಿ ಮಂಕಾಗಿ ಬಿದ್ದುಕೊಳ್ಳುತ್ತದೆ. ದನಕ್ಕೆ ತಂದ ಔಷಧಿಯಲ್ಲಿ ಸುಮ್ನೆ ಒಂದು ಮುಚ್ಚಳ ನಾಯಿಗೂ ಹಾಕುವುದನ್ನು ಹಳ್ಳಿಗಳಲ್ಲಿ ತುಂಬ ನೋಡಿದ್ದೇನೆ. ದಯವಿಟ್ಟು ಬೇಡ.

ನೈಸರ್ಗಿಕವಾಗಿ ಸಾಕಬೇಕು ಅನ್ನುವ ನಿಮ್ಮ ಆಸೆಗೆ ನಿಜವಾದ ಜಾಗ ಇರುವುದು ಊಟದ ತಟ್ಟೆಯಲ್ಲಿ. ಇಲ್ಲಿ ನಾನು ನಿಮ್ಮ ಕಡೆಗೇ.

ಅತ್ತೆಯವರು ಹೇಳಿದ್ದರಲ್ಲಿ ಮುದ್ದೆ ಸರಿ, ಸಾರು ತಪ್ಪು. ನಾಯಿ ತೋಳದ ಜಾತಿ, ಮಾಂಸ ಬಿಟ್ಟು ಬೇರೆ ಕೊಡಬಾರದು ಅನ್ನುವುದು ಈಚಿನ ಫ್ಯಾಷನ್. ಮನುಷ್ಯರ ಜತೆ ಸಾವಿರಾರು ವರ್ಷ ಉಂಡು ನಾಯಿಯ ಹೊಟ್ಟೆಯೇ ಬದಲಾಗಿದೆ. ಪಿಷ್ಟ ಅರಗಿಸುವ ಒಂದು ಜೀನ್ ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಪಟ್ಟು ಜಾಸ್ತಿ ಇದೆ ಅಂತ ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಬೇಯಿಸಿದ ರಾಗಿ, ಅಕ್ಕಿ, ಜೋಳ ಎಲ್ಲ ಅರಗುತ್ತದೆ. ಆದರೆ ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಖಾರ, ಉಪ್ಪು. ಈರುಳ್ಳಿ ಬೆಂದರೂ ಅದರ ವಿಷ ಹೋಗುವುದಿಲ್ಲ. ನಾಯಿಯ ತೂಕದ ಶೇ 0.5ರಷ್ಟು ಈರುಳ್ಳಿ ಒಂದೇ ಸಲ ಹೋದರೆ ತೊಂದರೆ ಕಾಣಿಸಿಕೊಳ್ಳಬಹುದು. ಕೆಂಚನಿಗೆ ಅದು 90 ಗ್ರಾಂ, ಒಂದು ಮಧ್ಯಮ ಗಾತ್ರದ ಈರುಳ್ಳಿ. ಹುಣಸೆಹಣ್ಣಿನದು ಇನ್ನೊಂದು ಕಥೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದು ನಾಯಿಗಳ ಕಿಡ್ನಿ ಕೆಡುವುದು ಮೊದಲಿನಿಂದ ಗೊತ್ತಿತ್ತು. ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಮೇಲೆ ಈಚಿನ ವರ್ಷಗಳಲ್ಲಿ ಅನುಮಾನ ಬಿತ್ತು. ಹುಣಸೆಯ ಹುಳಿ ಇರುವುದೇ ಆ ಆಮ್ಲದಿಂದ. ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳ ವರದಿಯೂ ಬಂದಿದೆ. ಹಾಗಾಗಿ ಸಾರಿಗೆ ಹುಳಿ, ಒಗ್ಗರಣೆ ಹಾಕುವ ಮೊದಲೇ ಬೆಂದ ಬೇಳೆ ಒಂದು ಸೌಟು ತೆಗೆದಿಟ್ಟು ಬಿಡಿ, ಮುಗಿಯಿತು.

ಹದಿನೈದು ವರ್ಷ ಬದುಕಿದ ನಾಯಿ ಅತ್ತೆಯವರಿಗೆ ನೆನಪಿದೆ. ಅದರ ಜತೆ ಹುಟ್ಟಿದ ಆರು ಮರಿಗಳಲ್ಲಿ ಎಷ್ಟು ಉಳಿದವು ಅಂತಲೂ ಒಮ್ಮೆ ಕೇಳಿ ನೋಡಿ. ಉಳಿದವು ಬರೀ ಮುದ್ದೆ ತಿಂದಿರಲಿಲ್ಲ. ಗದ್ದೆಯ ಇಲಿ, ಹಬ್ಬದ ಬಾಡೂಟ, ಕಂಡವರ ಮನೆಯ ಹಾಲು, ಎಲ್ಲ ಇತ್ತು. ಗೇಟಿನೊಳಗೆ ಕಟ್ಟಿಹಾಕಿದ ನಾಯಿಗೆ ಬರೀ ಮುದ್ದೆಯಾದರೆ ಪ್ರೋಟೀನ್ ಸಾಲದು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಏಳು ಗ್ರಾಂ ಅಷ್ಟೆ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ನಿಜ. ಆದರೆ ಅದರ ಜತೆ ಇರುವ ಫೈಟೇಟ್ ಅದನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ.

ಕೆಂಚನ ತೂಕದ ನಾಯಿಗೆ ದಿನಕ್ಕೆ ಸುಮಾರು 950ರಿಂದ 1,000 ಕ್ಯಾಲರಿ ಬೇಕು. ನಾನಾದರೆ ಹೀಗೆ ಕೊಡುತ್ತಿದ್ದೆ: 100 ಗ್ರಾಂ ಹಿಟ್ಟಿನ ಮುದ್ದೆ, ಒಂದು ಬಟ್ಟಲು ಅನ್ನ, ಮೂಳೆ ಇಲ್ಲದ ಬೆಂದ ಕೋಳಿ 150 ಗ್ರಾಂ, ಬೇಯಿಸಿದ ಮೊಟ್ಟೆ ಒಂದು, ಬೇಯಿಸಿ ಹಿಸುಕಿದ ಸಿಹಿಗುಂಬಳ ಅಥವಾ ಕ್ಯಾರೆಟ್ ಒಂದು ಹಿಡಿ, ಒಂದು ಚಮಚ ಎಣ್ಣೆ. ಇದನ್ನು ಎರಡು ಹೊತ್ತಿಗೆ ಹಂಚಿ. ಮೊಟ್ಟೆಯ ಸಿಪ್ಪೆ ತೊಳೆದು, ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಅರ್ಧ ಟೀ ಚಮಚ ಬೆರೆಸಿ. ಅದರಲ್ಲಿ ಹೆಚ್ಚೂಕಮ್ಮಿ ಒಂದು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬರೀ ಅನ್ನ, ಕೋಳಿ ತಿಂದು ಬೆಳೆದ ಮರಿಗಳ ಕಾಲು ಬಿಲ್ಲಿನ ಹಾಗೆ ಬಾಗುವುದು ಈ ಕ್ಯಾಲ್ಸಿಯಂ ಇಲ್ಲದೆಯೇ. ಆದರೆ ಈ ಲೆಕ್ಕ ದೊಡ್ಡ ನಾಯಿಗೆ. ಮರಿಗೆ ಅಂದಾಜಿನಲ್ಲಿ ಹಾಕಬೇಡಿ, ಜಾಸ್ತಿಯಾದರೂ ಮೂಳೆ ಕೆಡುತ್ತದೆ. ನಿಮ್ಮ ಮನೆಯಲ್ಲಿ ಕೋಳಿ ಬೇಯಿಸುವ ಹಾಗಿಲ್ಲ ಅಂದರೆ ಮೊಟ್ಟೆ ಮೂರಕ್ಕೆ ಏರಿಸಿ, ಮೆತ್ತಗೆ ಬೆಂದ ಬೇಳೆ, ಮೊಸರು, ಪನೀರ್ ಸೇರಿಸಿ. ಬೆಂದ ಕೋಳಿ ಮೂಳೆ ಮಾತ್ರ ಯಾವ ಕಾರಣಕ್ಕೂ ಬೇಡ. ಸೂಜಿಯ ಹಾಗೆ ಸೀಳುತ್ತದೆ.

ಮನೆ ಅಡುಗೆ ಅಂದ ಮಾತ್ರಕ್ಕೆ ಎಲ್ಲ ಸಿಕ್ಕಿತು ಅಂತಲ್ಲ. 2013ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ನಾಯಿಗೆಂದೇ ಬರೆದ 200 ಮನೆ ಅಡುಗೆಗಳನ್ನು ಲೆಕ್ಕ ಹಾಕಿ ನೋಡಿದರು. ನೂರಕ್ಕೆ 95ರಲ್ಲಿ ಒಂದಲ್ಲ ಒಂದು ಪೋಷಕಾಂಶ ಸಾಲದೇ ಇತ್ತು. ಪಶುವೈದ್ಯರೇ ಬರೆದಿದ್ದೂ ಅದರಲ್ಲಿ ಇದ್ದವು! ನನ್ನ ಪಟ್ಟಿಯಲ್ಲೂ ಸತು, ವಿಟಮಿನ್ ಡಿ, ಇ, ಅಯೋಡಿನ್ ಕಮ್ಮಿಯೇ. ಅದಕ್ಕೆ ಡಾಕ್ಟರನ್ನು ಕೇಳಿ ನಾಯಿಗೆಂದೇ ಬರುವ ಖನಿಜದ ಪುಡಿ ಸೇರಿಸಿ. ಇಲ್ಲವೇ ಮಗನ ಮಾತಿಗೂ ಅರ್ಧ ಬೆಲೆ ಕೊಡಿ: ಬೆಳಗ್ಗೆ ಪ್ಯಾಕೆಟ್ ಫುಡ್, ರಾತ್ರಿ ಮನೆ ಊಟ. ಪ್ಯಾಕೆಟ್ ಫುಡ್ ವಿಷ ಅಲ್ಲ, ಅಮೃತವೂ ಅಲ್ಲ. ಲೇಬಲ್ ಮೇಲೆ ದೊಡ್ಡ ನಾಯಿಗೆ ‘ಸಂಪೂರ್ಣ ಆಹಾರ’ ಅಂತ ಬರೆದಿರಬೇಕು ಅಷ್ಟೆ. ಎರಡೂ ಹೊತ್ತು ಎರಡೂ ಹಾಕಿದರೆ ಮಾತ್ರ ಕೆಂಚ ಡ್ರಮ್ ಆಗುತ್ತಾನೆ.

ಕೆಲಸಕ್ಕೆ ಬರುವ ಮನೆಮದ್ದು ಇಲ್ಲವೇ ಇಲ್ಲವಾ ಅಂದರೆ, ಇವೆ. ಚುರುಕಾಗಿಯೇ ಇರುವ ದೊಡ್ಡ ನಾಯಿಗೆ ಒಂದು ದಿನ ಭೇದಿಯಾದರೆ ಮೆತ್ತಗಿನ ಅನ್ನ, ಬೆಂದ ಕೋಳಿ, ಎರಡು ಚಮಚ ಸಿಹಿಗುಂಬಳ ಹಿಸುಕಿದ್ದು. ಮಲ ಗಟ್ಟಿಯಾದಾಗಲೂ ಅದೇ ಕುಂಬಳ, ನಾರಿನ ಗುಣ ಅದು. ಬಿರುಕು ಬಿಟ್ಟ ಪಾದಕ್ಕೆ, ಒಣಗಿದ ಮೂಗಿಗೆ ಕೊಬ್ಬರಿ ಎಣ್ಣೆ, ನೀವು ಕೊಬ್ಬರಿ ಊರಿನವರು, ನಾನೇನು ಹೇಳಲಿ. ಮೇಲೆ ಹಚ್ಚಿ, ದಿನಾ ಚಮಚಗಟ್ಟಲೆ ತಿನ್ನಿಸಬೇಡಿ. ಜಿಡ್ಡು ಜಾಸ್ತಿಯಾದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ, ಹಬ್ಬದ ಮರುದಿನ ಹೋಳಿಗೆ ತುಪ್ಪ ತಿಂದ ನಾಯಿಗಳ ಸಾಲೇ ಬರುತ್ತದೆ. ಅಡುಗೆಯ ಚಿಟಿಕೆ ಅರಿಶಿನದಿಂದ ತೊಂದರೆ ಇಲ್ಲ. ಕರಿಮೆಣಸು ಸೇರಿಸಿ ಚಮಚಗಟ್ಟಲೆ ಕೊಡುವ ‘ಗೋಲ್ಡನ್ ಪೇಸ್ಟ್’ ಮಾತ್ರ ಕೆಂಚನಿಗೆ ಈಗ ಬೇಡ, ಅದಕ್ಕೂ ರಕ್ತ ತೆಳುವಾಗಿಸುವ ಗುಣ ಇದೆ. ಗರಿಕೆ ತಿಂದರೆ ತಿನ್ನಲಿ. ಹೊಟ್ಟೆ ಕೆಟ್ಟಿದ್ದಕ್ಕೇ ತಿನ್ನುತ್ತದೆ ಅನ್ನುವುದು ನಿಜವಲ್ಲ, ಬಹಳಷ್ಟು ನಾಯಿಗಳು ಚೆನ್ನಾಗಿದ್ದಾಗಲೂ ತಿನ್ನುತ್ತವೆ.

ಮನೆಮದ್ದಿಗೆ ಕಾಯಬಾರದ ಮೂರು ಸಂದರ್ಭ ಮಾತ್ರ ನೆನಪಿಡಿ. ಲಸಿಕೆ ಆಗದ ಮರಿಗೆ ವಾಂತಿ, ರಕ್ತ ಭೇದಿ ಶುರುವಾದರೆ ಅದು ಪಾರ್ವೊ ಅನ್ನುವ ವೈರಸ್ ಕಾಯಿಲೆ ಇರಬಹುದು, ದಾಳಿಂಬೆ ಸಿಪ್ಪೆ ಕಷಾಯ ಕುದಿಸುವ ಹೊತ್ತೂ ಅಲ್ಲಿ ಇರುವುದಿಲ್ಲ, ಡ್ರಿಪ್ ಬೇಕು. ಜಂತುಹುಳಕ್ಕೆ ಹಾಗಲಕಾಯಿ ರಸ, ಕುಂಬಳದ ಬೀಜ ನಂಬಿ ಕೂರಬೇಡಿ. ಆ ಹುಳದ ಮರಿಗಳು ಮನೆಯ ಮಕ್ಕಳಿಗೂ ಬರುತ್ತವೆ, ಮಾತ್ರೆಯೋ ಒಂದು ಕಾಫಿ, ತಿಂಡಿಯ ಖರ್ಚಿನಲ್ಲಿ ಸಿಗುತ್ತದೆ. ಇನ್ನು ಕೆಂಚನನ್ನು ಬೇರೆ ನಾಯಿ ಕಚ್ಚಿದರೆ, ಅಥವಾ ಯಾವುದೇ ನಾಯಿ ನಿಮ್ಮನ್ನು ಕಚ್ಚಿದರೆ, ಹದಿನೈದು ನಿಮಿಷ ಸೋಪು ಹಚ್ಚಿ ನೀರಿನಲ್ಲಿ ತೊಳೆದು ಸೀದಾ ಲಸಿಕೆಗೆ ಹೋಗಿ. ನಾಟಿ ಸೊಪ್ಪು, ಮೆಣಸಿನಪುಡಿ ಏನೂ ಬೇಡ. ರೇಬೀಸ್ ಲಕ್ಷಣ ಕಂಡ ಮೇಲೆ ಯಾವ ಪದ್ಧತಿಯಲ್ಲೂ ಔಷಧಿ ಇಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಉಳಿದ ಮಾತ್ರೆಯ ಸ್ಟ್ರಿಪ್, ಹಳೇ ರಕ್ತ ಪರೀಕ್ಷೆಯ ಚೀಟಿ ಎರಡೂ ತೆಗೆದುಕೊಂಡು ಹೋಗಿ. ಮಾತ್ರೆ ಮುಗಿದ ಒಂದು ತಿಂಗಳಿಗೆ ಇನ್ನೊಮ್ಮೆ ರಕ್ತ ಎಣಿಸಿ ಅಂತ ನೀವೇ ಕೇಳಿ. ತೋಟದ ಪಪ್ಪಾಯಿ ಮರವನ್ನೇನೂ ಕಡಿಯಬೇಕಿಲ್ಲ. ಹಣ್ಣಾದಾಗ ಬೀಜ, ಸಿಪ್ಪೆ ತೆಗೆದು ಎರಡು ಹೋಳು ಹಾಕಿ ನೋಡಿ. ಎಲೆಯ ರಸಕ್ಕೆ ಮುಖ ತಿರುಗಿಸಿದವನು ಅದಕ್ಕೆ ಓಡಿ ಬರಬಹುದು.